ಎಲ್ಲ ಮನೆಗೂ ಹೇಳಿದ್ದೀವಿ ಅಂದ್ರಲ್ಲ, ನಮ್ಮನೆಗೆ ಯಾರು ಬಂದಿದ್ರು?

ಮಾನ್ಯ ಸಂಪಾದಕರೇ,

ದಾವಣಗೆರೆಯ ನಮ್ಮ ಏರಿಯಾದ ವಾಂತಿ-ಭೇದಿ ಸುದ್ದಿ ನಿಮ್ಮ ಪೇಪರ್‌ನಲ್ಲಿ ಬಂದಿದ್ದು ನೋಡಿದೆ. ಕುಡಿಯೋ ನೀರಿನ ಪೈಪ್ ಒಡೆದಿದ್ದು, ಅದಕ್ಕೆ ಚರಂಡಿ ನೀರು ಸೇರಿದ್ದು ಎಲ್ಲಾ ಸರಿಯಾಗೇ ಬರೆದಿದ್ದೀರಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಕೊನೇ ಪ್ಯಾರಾದಲ್ಲಿ ಅಧಿಕಾರಿಗಳ ಹೇಳಿಕೆ ಅಂತ ಹಾಕಿದ್ದೀರಲ್ಲ, "ಎಲ್ಲ ಮನೆಗಳಿಗೂ ಮಾಹಿತಿ ತಲುಪಿಸಲಾಗಿದೆ, ಪರಿಸ್ಥಿತಿ ಹತೋಟಿಯಲ್ಲಿದೆ" ಅಂತ, ಅದನ್ನ ಓದಿ ಮೈಯೆಲ್ಲ ಉರಿದುಹೋಯ್ತು. ಸುಳ್ಳು ರೀ ಅದು. ನಮ್ಮನೆಗೆ ಯಾರೂ ಬಂದಿಲ್ಲ, ಯಾರೂ ಹೇಳಿಲ್ಲ.

ಅವರು ಹೇಳಿದ್ದು ಹೆಂಗಂದ್ರೆ ಕಸದ ಆಟೋಗೆ ಮೈಕ್ ಕಟ್ಟಿ "ನಲ್ಲಿ ನೀರು ಹಂಗೇ ಕುಡೀಬೇಡಿ, ಕುದಿಸಿ ಆರಿಸಿ ಕುಡೀರಿ" ಅಂತ ಕೂಗಿಸಿಕೊಂಡು ಹೋಗಿದ್ದು, ಅಷ್ಟೇ. ನನ್ನ ಹೆಂಡತಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತೂ ಬರಲ್ಲ. ನಾನು ಆಗ ನನ್ನ ಜೆರಾಕ್ಸ್ ಅಂಗಡಿಯಲ್ಲಿದ್ದೆ. ಆಟೋ ನಮ್ಮ ಬಾಗಿಲ ಮುಂದೆ ಹೋಗುವಾಗ ಅವಳು ಅದೇ ನಲ್ಲಿಗೆ ಕೊಡ ಇಟ್ಟುಕೊಂಡು ನೀರು ಹಿಡೀತಾ ಇದ್ದಳಂತೆ, ಎದುರು ಮನೆಯವರೇ ಆಮೇಲೆ ಹೇಳಿದ್ದು. ಅವಳಿಗೆ ಓದು ಬರಹ ಚೆನ್ನಾಗೇ ಬರುತ್ತೆ, ಬಾಗಿಲ ಸಂದಿಗೆ ಒಂದು ಚೀಟಿ ಸಿಕ್ಕಿಸಿ ಹೋಗಿದ್ರೆ ಸಾಕಿತ್ತು, ಫೋನಿಗೆ ಒಂದು ಮೆಸೇಜ್ ಹಾಕಿದ್ರೂ ಸಾಕಿತ್ತು, ಕಂದಾಯ ಬಾಕಿ ಇದ್ರೆ ಮೆಸೇಜ್ ಬರುತ್ತೆ, ಕರೆಂಟ್ ಬಿಲ್ ಕಟ್ಟೋದು ಒಂದಿನ ತಡ ಆದ್ರೆ ಮೆಸೇಜ್ ಬರುತ್ತೆ, ವಿಷದ ನೀರು ಬರ್ತಿದೆ ಅನ್ನೋದಕ್ಕೆ ಮಾತ್ರ ಮೆಸೇಜ್ ಇಲ್ಲ.

ಅದೇ ರಾತ್ರಿ ಅವಳಿಗೆ ಶುರುವಾಯ್ತು. ಬೆಳಿಗ್ಗೆ ಸ್ಕೂಲಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆಗೆದಿದ್ದಾರೆ ಅಂತ ಗೊತ್ತಾಗಿ ಕರ್ಕೊಂಡು ಹೋದೆ. ನನಗೆ ಎರಡೂ ಕಾಲು ಪೋಲಿಯೋ, ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಹಾಕ್ಕೊಂಡು ಊರುಗೋಲಲ್ಲಿ ನಡೆಯೋನು, ಸೈಡ್ ವೀಲ್ ಸ್ಕೂಟಿ ಇದೆ ಅಂತ ಅಲ್ಲಿವರೆಗೆ ಹೋದ್ವಿ. ಸ್ಕೂಲಿನ ವರಾಂಡಾ ಎತ್ತರ, ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಗಲಾಟೆ ಜನ, ಮೇಲೆಲ್ಲ ನೀರು ಚೆಲ್ಲಿ ಜಾರ್ತಾ ಇತ್ತು. ನಾನು ಕೆಳಗೇ ಉಳಿದೆ, ಅವಳೊಬ್ಬಳೇ ಮೇಲೆ ಹೋದಳು.

ಅಲ್ಲಿ ಟೋಕನ್ ನಂಬರ್ ಬಾಯಲ್ಲಿ ಕೂಗ್ತಾರೆ. ಕೂಗೋನು ಮಾಸ್ಕ್ ಹಾಕ್ಕೊಂಡಿದ್ದಾನೆ. ನನ್ನ ಹೆಂಡತಿ ತುಟಿ ನೋಡಿ ಅರ್ಥ ಮಾಡ್ಕೊಳ್ಳೋಳು, ಆ ಮಾಸ್ಕ್ ಮುಖಾನೇ ನೋಡ್ತಾ ಹೊಟ್ಟೆ ಹಿಡ್ಕೊಂಡು ಕೂತಿದ್ದಳು, ಅವಳ ನಂಬರ್ ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಕೆಳಗಿಂದ ಕೂಗಾಡಿದ ಮೇಲೆ ಒಬ್ಬರು ಎಬ್ಬಿಸಿ ಕಳಿಸಿದ್ರು. ಒಳಗೆ ಎಷ್ಟು ಸಲ ಆಯ್ತು, ರಕ್ತ ಬೀಳ್ತಾ, ಮೂತ್ರ ಆಗ್ತಿದೆಯಾ ಅಂತ ಕೇಳಿದ್ದಾರೆ. ಇವಳು ತಲೆ ಆಡಿಸಿದ್ದಾಳೆ. ಕಿವಿ ಕೇಳಲ್ಲ ಅಂತ ಸನ್ನೆ ಮಾಡಿದ್ರೆ ಇನ್ನೂ ಜೋರಾಗಿ ಕೂಗಿ ಕೇಳಿದ್ದಾರೆ. ಇವಳು ಹೆದರಿ ಎಲ್ಲದಕ್ಕೂ ಹೂಂ ಅಂತ ತಲೆ ಆಡಿಸಿದ್ದಾಳೆ, ಮನೆಗೆ ಹೋಗ್ತೀಯಾ ಅಂದಿದ್ದಕ್ಕೂ. ಓಆರ್‌ಎಸ್ ಪ್ಯಾಕೆಟ್ ಕೈಗೆ ಕೊಟ್ಟು ಕಳಿಸಿಬಿಟ್ರು. ಮೇಜಿನ ಮೇಲೆ ಪೆನ್ನಿತ್ತು, ಹಾಳೆ ಇತ್ತು. ಬರೆದು ಕೇಳೋಕೆ ಏನಾಗಿತ್ತು? ಸಂಜೆಗೆ ಕಣ್ಣು ಗುಳಿಬಿದ್ದು, ಕೈಕಾಲು ತಣ್ಣಗಾಗಿ, ದೊಡ್ಡಾಸ್ಪತ್ರೆಗೆ ಒಯ್ಯೋ ಹಂಗಾಯ್ತು. ನಾನು ಮನೇಲಿದ್ದೆ, ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಇವಳೊಬ್ಬಳೇ ಇದ್ದಿದ್ರೆ? ಮಾತು ಬರದೋಳು ಯಾವ ನಂಬರ್‌ಗೆ ಫೋನ್ ಮಾಡಿ ಏನಂತ ಹೇಳ್ಬೇಕಿತ್ತು?

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಉಳಿಸಿಕೊಟ್ರು, ಆ ನರ್ಸಮ್ಮಂದಿರಿಗೆ ಕೈ ಮುಗೀತೀನಿ. ಆದ್ರೆ ವಿಕಲಚೇತನರ ಶೌಚಾಲಯ ಅಂತ ಬೋರ್ಡ್ ಹಾಕಿದ ರೂಮಿಗೆ ಬೀಗ. ಕೀ ಇರೋ ಮನುಷ್ಯ ರಜೆ. ಕಿಟಕಿಯಿಂದ ನೋಡಿದ್ರೆ ಒಳಗೆ ಪೊರಕೆ, ಬಕೆಟ್, ಮುರಿದ ಕುರ್ಚಿ ತುಂಬಿದ್ದಾರೆ. ಮಾಮೂಲಿ ಶೌಚಾಲಯಕ್ಕೆ ನಾನು ಆ ಕೊಳಕು ನೆಲದ ಮೇಲೆ ಕೈ ಊರಿ ತೆವಳಿಕೊಂಡು ಹೋದೆ. ಭೇದಿ ವಾರ್ಡು ರೀ ಅದು, ಆ ನೆಲದಲ್ಲಿ ಏನೇನು ಇರುತ್ತೆ ಅಂತ ಡಾಕ್ಟ್ರಿಗೆ ನಾನು ಹೇಳ್ಬೇಕಾ?

ನಮ್ಮದೊಂದೇ ಮನೆ ಕತೆ ಅಲ್ಲ. ಹಿಂದಿನ ಓಣಿಯಲ್ಲಿ ರಿಟೈರ್ಡ್ ಮೇಷ್ಟ್ರು ಇದ್ದಾರೆ, ಕಣ್ಣು ಕಾಣಲ್ಲ, ಒಬ್ಬರೇ ಇರೋದು. ನೀರಿನ ಬಣ್ಣ ಬದಲಾಗಿದ್ರೆ ಬಳಸಬೇಡಿ ಅಂತ ಆಮೇಲೊಂದು ನೋಟಿಸ್ ಅಂಟಿಸಿದ್ರು. ಬಣ್ಣ ಅವರು ಹೆಂಗೆ ನೋಡ್ಬೇಕು, ಆ ನೋಟಿಸನ್ನಾದ್ರೂ ಹೆಂಗೆ ಓದ್ಬೇಕು? ಬೆನ್ನುಮೂಳೆಗೆ ಏಟು ಬಿದ್ದು ಹಾಸಿಗೆ ಹಿಡಿದ ಹುಡುಗ ಒಬ್ಬನಿದ್ದಾನೆ, ಮಹಡಿ ಮನೆ, ಅವನನ್ನ ಆ ಸ್ಕೂಲಿನ ಕ್ಯಾಂಪಿಗೆ ಯಾರು ಹೊತ್ಕೊಂಡು ಹೋಗ್ಬೇಕು? ಕ್ಯಾಂಪ್‌ನವರು ಅವನ ಮನೆ ಮೆಟ್ಟಿಲು ಹತ್ತಿದ್ದು ನಾನಂತೂ ಕಂಡಿಲ್ಲ.

ಇದೆಲ್ಲ ಮಾಡಲೇಬೇಕು ಅಂತ ಕಾನೂನಲ್ಲೇ ಇದೆ ಸ್ವಾಮಿ, ನಾನು ಭಿಕ್ಷೆ ಕೇಳ್ತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದರ 8ನೇ ಸೆಕ್ಷನ್ ಓದಲಿ. ಜಿಲ್ಲೆಯಲ್ಲಿರೋ ವಿಕಲಚೇತನರ ವಿವರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಕೊಂಡಿರಬೇಕು, ಅಪಾಯ ಬಂದಾಗ ಅವರಿಗೆ ತಿಳಿಯೋ ಹಂಗೆ ತಿಳಿಸಬೇಕು ಅಂತ ಸ್ಪಷ್ಟವಾಗಿದೆ. 2019ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೇ ಅಂತ ಪ್ರತ್ಯೇಕ ಮಾರ್ಗಸೂಚಿ ಬೇರೆ ಮಾಡಿದೆ. ಪಟ್ಟಿ ಮಾಡೋದು ಕಷ್ಟ ಅಂತಾರೆ. ಏನು ಕಷ್ಟ? 2023ರ ವಿಧಾನಸಭಾ ಎಲೆಕ್ಷನ್‌ನಲ್ಲಿ 80 ದಾಟಿದೋರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋರಿಗೆ ಮನೆಯಿಂದಲೇ ಓಟು ಹಾಕೋ ವ್ಯವಸ್ಥೆ ಮಾಡಿದ್ರಲ್ಲ, ಅದರ ಅರ್ಜಿ 12ಡಿ ಫಾರಂ ಹಿಡ್ಕೊಂಡು ಮನೆ ಮನೆಗೆ ಬಂದಿದ್ರಲ್ಲ. ಓಟಿಗೆ ಸಿಕ್ಕಿದ ನಮ್ಮ ಮನೆ ಕಾಯಿಲೆ ಬಂದಾಗ ಯಾಕೆ ಸಿಗಲ್ಲ? ಯುಡಿಐಡಿ ಅಂತ ವಿಕಲಚೇತನರಿಗೆ ಕೊಡೋ ಗುರುತಿನ ಕಾರ್ಡ್‌ನ ದಾಖಲೆಯಲ್ಲಿ ವಿಳಾಸ ಇದೆ, ಫೋನ್ ನಂಬರ್ ಇದೆ. ಪಿಂಚಣಿ ಲಿಸ್ಟಲ್ಲಿ ಹೆಸರಿದೆ. ಹಳ್ಳಿಗಳಲ್ಲಿ ವಿಆರ್‌ಡಬ್ಲ್ಯೂ, ಊರಲ್ಲಿ ಯುಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಯಾವ ಮನೇಲಿ ಯಾರಿದ್ದಾರೆ ಅಂತ ಅವರಿಗೆ ಬಾಯಿಪಾಠ. ಇಂಥ ಹೊತ್ತಲ್ಲಿ ಅವರನ್ನ ಕರೆದು ಕೂರಿಸಿ ಕೇಳೋ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಕೊರೊನಾದಲ್ಲೂ ಇದೇ ಆಗಿದ್ದು. ದೇಶದಲ್ಲಿ ಲಾಕ್‌ಡೌನ್ ಶುರುವಾದ ಮಾರನೇ ದಿನಾನೇ, 2020ರ ಮಾರ್ಚ್ 26ಕ್ಕೆ, ಕೇಂದ್ರದ ವಿಕಲಚೇತನರ ಇಲಾಖೆ ಮಾರ್ಗಸೂಚಿ ಹೊರಡಿಸಿತ್ತು, ಬ್ರೈಲ್‌ನಲ್ಲಿ ಕೊಡಿ, ಆಡಿಯೋ ಮಾಡಿ, ಸನ್ನೆ ಭಾಷೆ ವಿಡಿಯೋ ಮಾಡಿ ಅಂತ. ನಮ್ಮ ಓಣಿಗೆ ಬಂದಿದ್ದು ದಾರಿ ಮುಚ್ಚೋಕೆ ಬೊಂಬು ಮತ್ತು ತಗಡು. ಆ ಬೊಂಬು ದಾಟಿ ಔಷಧಿ ತರೋಕೆ ಊರುಗೋಲಲ್ಲಿ ಆಗುತ್ತಾ ಅಂತ ಒಬ್ಬರೂ ಯೋಚನೆ ಮಾಡ್ಲಿಲ್ಲ. ಮನೆಗೇ ಬಂದು ಲಸಿಕೆ ಹಾಕ್ತೀವಿ ಅಂತ ಕೇಂದ್ರ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಅಷ್ಟೊತ್ತಿಗೆ ನಾನು ಬಿಸಿಲಲ್ಲಿ ಕ್ಯೂ ನಿಂತು ಹಾಕಿಸಿಕೊಂಡಾಗಿತ್ತು. ರಕ್ತ ಹೆಪ್ಪುಗಟ್ಟದ ಕಾಯಿಲೆ ಇರೋರಿಗೆ ಅಂತ ಹಿಮೋಫಿಲಿಯಾ ಸೊಸೈಟಿ ಇರೋ ಊರಿದು, ವಿಕಲಚೇತನರಿಗೆ ಅಂತ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಸಿಆರ್‌ಸಿ ಇರೋ ಊರಿದು, ಕೇಳಿದ್ರೆ ಹೇಳಿಕೊಡೋರು ಊರಲ್ಲೇ ಇದ್ದಾರೆ, ಹೋಗಿ ಕೇಳೋರು ಬೇಕಲ್ಲ. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಇಡೀ ರಾಜ್ಯ ಮಾತಾಡ್ತು. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಅನಾಹುತ ಆದ್ರೂ ಇವರು ಕಲಿತಿದ್ದು ಆಟೋಗೆ ಮೈಕ್ ಕಟ್ಟೋದೊಂದೇ.

ಕಚೇರಿಗಳಿಗೆ ಹೋಗಿ ಕೇಳಿದ್ರೆ ಇವರು ಅವರ ಕಡೆ ತೋರಿಸ್ತಾರೆ. ನೀರಿನೋರು ಅದು ಆರೋಗ್ಯದೋರದ್ದು ಅಂತಾರೆ, ಆರೋಗ್ಯದೋರು ಅದು ವಿಕಲಚೇತನರ ಇಲಾಖೆ ನೋಡ್ಬೇಕು ಅಂತಾರೆ, ಅಲ್ಲಿ ಹೋದ್ರೆ ನಮಗೆ ಸ್ಟಾಫ್ ಇಲ್ಲ ಅಂತಾರೆ. ರಾಂಪ್ ಇದ್ದ ಕಡೆ ಅದರ ಮೇಲೆ ಸಿಬ್ಬಂದಿಯವರದ್ದೇ ಬೈಕು. ಸ್ಮಾರ್ಟ್ ಸಿಟಿ ಅಂತ ಫುಟ್‌ಪಾತಿಗೆ ಕಣ್ಣು ಕಾಣದೋರಿಗೆ ಹಳದಿ ಟೈಲ್ಸ್ ಹಾಕಿದ್ರಲ್ಲ, ಒಂದು ಕಡೆ ಅದು ಸೀದಾ ಕರೆಂಟ್ ಕಂಬಕ್ಕೆ ಹೋಗಿ ನಿಲ್ಲುತ್ತೆ, ಆ ಮೇಷ್ಟ್ರು ಅದಕ್ಕೇ ಹಣೆ ಒಡ್ಕೊಂಡ್ರು. ಅಹವಾಲು ಕೇಳ್ತೀವಿ ಅಂತ ಒಂದ್ಸಲ ಸಭೆ ಕರೆದಿದ್ರು, ಸಭೆ ಇಟ್ಟಿದ್ದು ಲಿಫ್ಟ್ ಇಲ್ಲದ ಮೇಲಿನ ಮಹಡಿಯಲ್ಲಿ. ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ ಬಂದ್ರೆ ಮಾತ್ರ ಶಾಲು, ಹಾರ, ಭಾಷಣ. ನಮಗೆ ಶಾಲು ಬೇಡ ರೀ, ಬೀಗ ಹಾಕದ ಒಂದು ಶೌಚಾಲಯ ಕೊಡಿ ಸಾಕು.

ಅದಕ್ಕೇ ಸಂಬಂಧಪಟ್ಟವರು ಕೂಡ್ಲೇ ಆ ಪಟ್ಟಿ ಮಾಡ್ಬೇಕು, ಮಾಡಿದ್ದೀವಿ ಅನ್ನೋದಾದ್ರೆ ಎಲ್ಲಿದೆ ತೋರಿಸ್ಬೇಕು. ಕ್ಯಾಂಪ್ ಹಾಕೋವಾಗ ಮೆಟ್ಟಿಲಿಲ್ಲದ ಜಾಗ ನೋಡ್ಬೇಕು, ಬರೆದು ಕೇಳೋ ಒಬ್ಬ ಮನುಷ್ಯನನ್ನ ಕೂರಿಸ್ಬೇಕು, ಮನೆಯಿಂದ ಎದ್ದು ಬರೋಕಾಗದೋರ ಹತ್ರ ತಾವೇ ಹೋಗ್ಬೇಕು. ಎಲ್ಲಕ್ಕಿಂತ ಮೊದ್ಲು ಆ ಪೈಪ್ ಸರಿ ಮಾಡ್ಲಿ, ಇವತ್ತಿಗೂ ಅಲ್ಲಿ ಗುಂಡಿ ತೆಗೆದು ಹಂಗೇ ಬಿಟ್ಟಿದ್ದಾರೆ, ರಾತ್ರಿ ಆ ಮೇಷ್ಟ್ರು ಬಿದ್ರೆ ಯಾರು ಹೊಣೆ? ಎಲ್ಲ ಮನೆಗೂ ತಲುಪಿಸಿದ್ದೀವಿ ಅಂದ ಆ ಅಧಿಕಾರಿ ನಮ್ಮನೆಗೆ ಬಂದು ನನ್ನ ಹೆಂಡತಿ ಎದುರು ನಿಂತು ಅದೇ ಮಾತು ಹೇಳ್ಲಿ. ಸಂಪಾದಕರೇ, ನೀವೂ ಅವರು ಕೊಟ್ಟ ಹೇಳಿಕೆ ಹಂಗೇ ಅಚ್ಚು ಹಾಕ್ಬೇಡಿ, ನಿಮ್ಮ ವರದಿಗಾರರನ್ನ ಕಳಿಸಿ, ಆ ಸ್ಕೂಲಿನ ಮೆಟ್ಟಿಲು ನಾನೇ ತೋರಿಸ್ತೀನಿ. ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳೋರಿಗೆ ಒಂದು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸೋಕೆ ಏನು ದಾಡಿ?

ಇತಿ,
ಒಬ್ಬ ವಿಕಲಚೇತನ ಓದುಗ, ದಾವಣಗೆರೆ