ಎರಡನೇ ಸಲ ಹೇಳಿದವರಿಗೆ

ನನ್ನ ಬಲಗಿವಿಯ ಆಪರೇಷನ್ ಆಗಿ, ಆಮೇಲಿನ ತಪಾಸಣೆಯೂ ಮೊನ್ನೆ ಮುಗಿಯಿತು. ಕಿವಿ ಕೇಳುತ್ತಿದೆ. ಚೆನ್ನಾಗಿಯೇ ಕೇಳುತ್ತಿದೆ. ಮನೆಗೆ ಬಂದು ನೋಡಿಕೊಂಡು ಹೋದವರು, ಫೋನ್ ಮಾಡಿ ವಿಚಾರಿಸಿದವರು, ದುರ್ಗಮ್ಮನಿಗೆ ಹರಕೆ ಹೊತ್ತವರು ಬಹಳ ಮಂದಿ. ಎಲ್ಲರನ್ನೂ ಕಂಡು ಮಾತಾಡುವುದು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ತೊಂದರೆ ಇರುವವರು ಯಾರಾದರೂ ಓದಿದರೆ ಅವರಿಗೂ ಉಪಯೋಗ ಆಗಲಿ ಅಂತ, ಏನಾಗಿತ್ತು, ಏನು ಮಾಡಿದರು ಅನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಳ್ಳಾರಿಯ ಕೌಲ್‌ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ನನ್ನ ಕೆಲಸ. ಎರಡನೇ ಹೆರಿಗೆ ಆದಮೇಲೆ ಕಿವಿ ಮಂದವಾಗುತ್ತಾ ಬಂತು. ಆದರೆ ಯೂನಿಟ್‌ನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅಷ್ಟೊಂದು ಮಷೀನುಗಳು ಒಟ್ಟಿಗೆ ಓಡುವಾಗ ಪಕ್ಕದವರ ಮಾತು ನನಗೆ ಸರಿಯಾಗಿ ಕೇಳುತ್ತಿತ್ತು. ಸಂಜೆ ಮನೆಗೆ ಬಂದರೆ, ಯಾವ ಗದ್ದಲವೂ ಇಲ್ಲದ ಕಡೆ, ಮಗಳು ಹೇಳಿದ್ದು ಕೇಳುತ್ತಿರಲಿಲ್ಲ. ಹೀಗೆ ಅಂದರೆ ಯಾರು ನಂಬುತ್ತಾರೆ? "ಬೇಕಾದ್ದಷ್ಟೇ ಕೇಳ್ತೈತೆ ನಿನಗೆ" ಅಂದವರೂ ಇದ್ದರು. ಡಾಕ್ಟರು ಆಮೇಲೆ ಹೇಳಿದರು, ಇದು ಈ ಕಾಯಿಲೆಯದೇ ಗುರುತಂತೆ. ಗದ್ದಲದಲ್ಲಿ ಎಲ್ಲರೂ ತಮಗೇ ಗೊತ್ತಿಲ್ಲದೆ ದನಿ ಎತ್ತರಿಸಿ ಮಾತಾಡುತ್ತಾರೆ. ನನ್ನ ಕಿವಿಗೆ ಗದ್ದಲ ಅಷ್ಟಾಗಿ ತಾಕುವುದಿಲ್ಲ, ಎತ್ತರದ ದನಿ ಮಾತ್ರ ತಲುಪುತ್ತದೆ. ನಾನು ಸುಳ್ಳು ಹೇಳುತ್ತಿರಲಿಲ್ಲ ಅಂತ ಒಬ್ಬರು ಪುಸ್ತಕದ ಮಾತಾಗಿ ಹೇಳಿದ ಆ ದಿನ ಎಷ್ಟು ಹಗುರ ಆಯಿತು ಅಂತ ಬರೆಯಲಿಕ್ಕೆ ಆಗುವುದಿಲ್ಲ.

ಬರುಬರುತ್ತಾ ಯೂನಿಟ್‌ನಲ್ಲೂ ಕೇಳದಾಯಿತು. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡರಲ್ಲ, ಆಗಲೇ ನಾನು ಇಷ್ಟು ವರ್ಷ ತುಟಿ ನೋಡಿ ಮಾತು ಹಿಡಿಯುತ್ತಿದ್ದೆ ಅಂತ ಗೊತ್ತಾಗಿದ್ದು. ಅಂಗಡಿ, ಬ್ಯಾಂಕು, ಶಾಲೆ, ಎಲ್ಲಿ ಹೋದರೂ ಬರೀ ಕಣ್ಣುಗಳು. "ಏನಂದ್ರಿ?" ಅಂತ ಕೇಳಿದರೆ ಜಾಸ್ತಿ ಮಂದಿ ಹೇಳುವುದು ಒಂದೇ ಮಾತು. "ಏನಿಲ್ಲ ಬಿಡು." ಕಿವಿ ಕೇಳದವರಿಗೆ ದಿನಾ ಸಿಗುವ ಉತ್ತರ ಇದು. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಅನ್ನುವುದಿಲ್ಲ, ನನಗೆ ಗೊತ್ತು. ಆದರೂ ಅದನ್ನು ಕೇಳಿ ಕೇಳಿ ಮನುಷ್ಯ ಕೇಳುವುದನ್ನೇ ಬಿಟ್ಟುಬಿಡುತ್ತಾನೆ. ಎಲ್ಲರೂ ನಕ್ಕಾಗ ಸುಮ್ನೆ ನಗುವುದು, ತಲೆ ಆಡಿಸುವುದು, ಮದುವೆ ಮನೆಯಲ್ಲಿ ಅಡುಗೆ ಕಡೆ ಹೋಗಿ ಕೂತುಬಿಡುವುದು.

ನಮ್ಮವ್ವ ಹಾಗೇ ಇದ್ದಳು. ಸಿರುಗುಪ್ಪದ ಕಡೆ ನನ್ನ ತವರು. ಅವ್ವನಿಗೂ ನನ್ನ ವಯಸ್ಸಿನಲ್ಲೇ ಕಿವಿ ಹೋಗಿತ್ತು. ವಾತ ಅಂದರು, ಬಾಣಂತನದ ಥಂಡಿ ಅಂದರು, ಹಣೆಬರಹ ಅಂದರು. ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು. ಊರಿನಲ್ಲಿ ಅವಳ ಹೆಸರು ಹೋಗಿ ಕಿವುಡವ್ವ ಅಂತ ಆಯಿತು. ಅವಳು ಈಗಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, "ಮನೇಲಿ ಇನ್ಯಾರಿಗಾದ್ರೂ ಹಿಂಗೆ ಇತ್ತಾ ತಾಯಿ?" ಅಂತ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಅದಕ್ಕೂ ಮುಂಚೆ ಒಂದು ಕಡೆ ತೋರಿಸಿದ್ದೆ. ಕಿವಿಗೆ ಲೈಟ್ ಬಿಟ್ಟು ನೋಡಿ, ಪರದೆ ಚೆನ್ನಾಗಿದೆ, ಗುಗ್ಗೆ ಇರಬೇಕು ಅಂತ ಹನಿ ಔಷಧ ಬರೆದುಕೊಟ್ಟಿದ್ದರು. ಬಹಳ ದಿನ ಅದನ್ನೇ ಹಾಕಿಕೊಂಡೆ. ಈ ಕಾಯಿಲೆಯಲ್ಲಿ ಪರದೆ ಚೆನ್ನಾಗಿಯೇ ಕಾಣುತ್ತದಂತೆ. ಬರೀ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಗೊತ್ತಾಗಿದ್ದು ಒಂದು ಕಬ್ಬಿಣದ ಕವೆಯಿಂದ. ನಮ್ಮೂರಿನ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ವಿಮ್ಸ್‌ಗೆ ಈಗ ಬೇರೆ ಹೆಸರು ಬಂದಿದೆ, ಆದರೆ ಬಳ್ಳಾರಿಯವರ ಬಾಯಲ್ಲಿ ಅದು ವಿಮ್ಸೇ. ಅಲ್ಲಿಯ ಕಿವಿ-ಮೂಗು-ಗಂಟಲು ವಿಭಾಗದ ಡಾಕ್ಟರು ಟ್ಯೂನಿಂಗ್ ಫೋರ್ಕನ್ನು ತಮ್ಮ ಮೊಣಕೈಗೆ ಬಡಿದು, ನನ್ನ ಕಿವಿಯ ಮುಂದೆ ಹಿಡಿದರು. "ಕೇಳ್ತಾ?" ಇಲ್ಲ ಅಂದೆ. ಅದೇ ಫೋರ್ಕಿನ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಝುಂ ಅಂತ ತಲೆ ತುಂಬಾ ದನಿ! ಬಡಿದದ್ದು ಒಂದೇ ಸಲ, ಕಿವಿಯೂ ಒಂದೇ. ಮುಂದೆ ಹಿಡಿದರೆ ಇಲ್ಲ, ಹಿಂದೆ ಇಟ್ಟರೆ ಇದೆ. ನಾನು ದಂಗಾದೆ. ಡಾಕ್ಟರ ಮುಖ ಮಾತ್ರ ಅರಳಿತು. ಕಿವಿ ಚೆನ್ನಾಗಿದ್ದವರಿಗೆ ಇದು ತಿರುಗಾಮುರುಗಾ ಇರುತ್ತದಂತೆ, ಮುಂದೆ ಹಿಡಿದಾಗಲೇ ಜೋರು. ಎಲುಬಿನ ಮೂಲಕ ಇಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ ಒಳಗಿನ ನರ ಗಟ್ಟಿಯಾಗಿದೆ ಅಂತ ಅರ್ಥ. ನಾನು ಹೊಲಿಗೆಯವಳು ಅಂತ ತಿಳಿದು ಅವರು ಹೇಳಿದ್ದು ಹೀಗೆ: "ನಿಮ್ಮ ಮೋಟಾರು ಸರಿ ಇದೆಯಮ್ಮ. ಸೂಜಿ ಮಾತ್ರ ಮೇಲೆ ಕೆಳಗೆ ಆಡ್ತಿಲ್ಲ."

ಓಟೋಸ್ಕ್ಲೆರೋಸಿಸ್ ಅಂತ ಕಾಯಿಲೆಯ ಹೆಸರು. ಪರದೆಯ ಹಿಂದೆ ಮೂರು ಪುಟ್ಟ ಎಲುಬುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮೂರನೆಯದು ಸ್ಟೇಪಿಸ್. ಸುಮಾರು 3 ಮಿಲಿಮೀಟರ್ ಅಷ್ಟೇ, ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಎಲುಬಿಲ್ಲ. ಅದರ ಬುಡದ ಸುತ್ತ ಹೊಸ ಎಲುಬು ಬೆಳೆದು ಅದು ಅಲುಗಾಡದ ಹಾಗೆ ಕಚ್ಚಿಕೊಳ್ಳುತ್ತದೆ. ಶಬ್ದ ಒಳಗೆ ದಾಟುವುದಿಲ್ಲ. ಮನೆತನದಲ್ಲಿ ಬರುವುದುಂಟು, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಕೆಲವರಿಗೆ ಬಸುರಿನಲ್ಲಿ ಹೆಚ್ಚಾಗುತ್ತದೆ.

ಮೊದಲ ವಂದನೆ ಆಡಿಯಾಲಜಿಸ್ಟ್ ಮೇಡಂಗೆ. ಶಬ್ದ ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸಣ್ಣ ಶಬ್ದ ಕೇಳಿದರೂ ಬಟನ್ ಒತ್ತಿ ಅಂದರು. ನನಗೆ ಕೈ ನಡುಗುತ್ತಿತ್ತು, ಪರೀಕ್ಷೆಗೆ ಕೂತ ಹಾಗೆ. ಹೊರಗೆ ಎಷ್ಟು ಮಂದಿ ಕಾಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. ಅರ್ಥವಾಗದ್ದನ್ನು ಎದುರು ಬಂದು ಮತ್ತೆ ಹೇಳಿದರು. ಕೊನೆಗೆ ಗ್ರಾಫ್ ತೋರಿಸಿದರು. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಇಂಟು ಗುರುತುಗಳು ಎಡಗಿವಿ. ಕೆಂಪು ಗೆರೆ 60 ಡೆಸಿಬಲ್ ಹತ್ತಿರ ಕೆಳಗೆ ಬಿದ್ದಿತ್ತು. 25ರೊಳಗೆ ಇದ್ದರೆ ಚೆನ್ನಾಗಿ ಕೇಳುತ್ತದೆ ಅಂತ ಲೆಕ್ಕ.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಹಿಯರಿಂಗ್ ಏಡ್ ಹಾಕಿದರೂ ಚೆನ್ನಾಗಿ ಕೇಳುತ್ತದೆ, ಆಪರೇಷನ್ನೇ ಆಗಬೇಕು ಅಂತಿಲ್ಲ ಅಂದರು. ಆಪರೇಷನ್ ಬಹಳ ಮಂದಿಗೆ ಒಳ್ಳೆಯದು ಮಾಡುತ್ತದೆ, ಆದರೆ ನೂರರಲ್ಲಿ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗಿಬಿಡುವುದೂ ಉಂಟು ಅಂದರು. ಅದಕ್ಕೇ ಜಾಸ್ತಿ ಹಾಳಾದ ಕಿವಿಯನ್ನೇ ಮೊದಲು ಮಾಡುವುದು. ನಮ್ಮ ಮನೆಯವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎದ್ದು, "ನಿನ್ನ ಕಿವಿ, ನೀನೇ ಹೇಳು. ನಾನು ಜತೆಗಿರ್ತೀನಿ" ಅಂದರು. ಹಾಗೇ ಇದ್ದರು. ಅವರಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾರೆ. ಆದರೂ ಬರೆದಿದ್ದೇನೆ.

ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಕಾರ್ಡ್ ಕೈಯಲ್ಲಿದ್ದರೂ ಆ ಕಾಗದಪತ್ರ ನಮಗೆ ತಿಳಿಯುವಂಥದ್ದಲ್ಲ. ಕೌಂಟರಿನಲ್ಲಿದ್ದ ಆರೋಗ್ಯಮಿತ್ರ ಹುಡುಗ ಗಾಜಿನ ಹಿಂದಿನಿಂದ ಹೇಳಿದ್ದು ನನಗೆ ಕೇಳಲಿಲ್ಲ. ಅವನು ಎದ್ದು ಹೊರಗೆ ಬಂದು, ಒಂದು ಚೀಟಿಯ ಮೇಲೆ ಬೇಕಾದ್ದನ್ನೆಲ್ಲ ಬರೆದುಕೊಟ್ಟ. ತಮ್ಮಾ, ನಿನಗೆ ಒಳ್ಳೆಯದಾಗಲಿ.

ಆಪರೇಷನ್ ದಿನ ಪೂರ್ತಿ ಮತ್ತು ಬರಿಸಲಿಲ್ಲ. ಕಿವಿಯ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ತಲೆ ಅಲುಗಾಡಿಸಬಾರದು, ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಕಿವಿಯ ದಾರಿಯಿಂದಲೇ ಒಳಗೆ ಹೋಗಿ, ಪರದೆಯನ್ನು ಮೆಲ್ಲಗೆ ಎತ್ತಿ, ಕಚ್ಚಿಕೊಂಡ ಎಲುಬಿನ ಮೇಲ್ಭಾಗ ತೆಗೆದು, ಅದರ ಬುಡದಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕ ತೂತು ಮಾಡುತ್ತಾರೆ. ಅದರೊಳಗೆ ಟೆಫ್ಲಾನ್ ಅನ್ನುವ ಪ್ಲಾಸ್ಟಿಕ್ಕಿನ ಪುಟ್ಟ ಕಡ್ಡಿಯಂಥ ಪಿಸ್ಟನ್ ಇಟ್ಟು, ಪಿಸ್ಟನ್ನಿನ ಕೊಕ್ಕೆಯನ್ನು ಪಕ್ಕದ ಎಲುಬಿಗೆ ಸಿಕ್ಕಿಸುತ್ತಾರೆ. ಸೂಜಿಗೆ ದಾರ ಪೋಣಿಸುವುದೇ ಹೊಟ್ಟೆಪಾಡಾದ ನನಗೆ ಆ ಕೈಗಳ ಬೆಲೆ ಚೆನ್ನಾಗಿ ಗೊತ್ತು. ಒಬ್ಬ ಸಿಸ್ಟರ್ ಅಷ್ಟೂ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.

ಒಂದು ಹೊತ್ತಿನಲ್ಲಿ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು. "ಯಾವೂರಮ್ಮಾ ನಿಮ್ದು?"

"ಸಿರುಗುಪ್ಪ ಸರ್" ಅಂದೆ. ಅಂದಮೇಲೆ ಹೊಳೆಯಿತು. ಡಾಕ್ಟರು ಮಾಸ್ಕ್ ಹಾಕಿದ್ದಾರೆ. ಅವರ ಮುಖ ನನಗೆ ಕಾಣುತ್ತಿಲ್ಲ. ನಾನು ತುಟಿ ನೋಡದೆ ಉತ್ತರ ಕೊಟ್ಟಿದ್ದೆ. ಕಣ್ಣೀರು ಕಿವಿ ಕಡೆ ಹರಿಯಬಾರದು ಅಂತ ಸಿಸ್ಟರ್ ಹತ್ತಿಯಿಂದ ಒರೆಸಿದರು.

ಈ ರೀತಿಯ ಆಪರೇಷನ್ನನ್ನು ಮೊದಲು ಮಾಡಿದ್ದು 1956ರಲ್ಲಿ, ಅಮೆರಿಕದ ಜಾನ್ ಶೇ ಅನ್ನುವ ಡಾಕ್ಟರು. ಮೊದಲ ರೋಗಿ ಒಬ್ಬ ಗೃಹಿಣಿ. ಮುಂಚೆ ಯಾರಿಗೂ ಮಾಡಿರದ ಆಪರೇಷನ್ನಿಗೆ ಆ ತಾಯಿ ಹೂಂ ಅಂದರಲ್ಲ, ಅವರಿಗೂ ನನ್ನ ಕೈಮುಗಿದ ನಮಸ್ಕಾರ. ನಮ್ಮವ್ವ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಅವಳು ಹುಟ್ಟುವ ಮುಂಚೆಯೇ ಮದ್ದಿದ್ದ ಕಾಯಿಲೆಯನ್ನು ಅವಳು ಹಣೆಬರಹ ಅಂದುಕೊಂಡೇ ಹೋದಳು. ಇದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ಮನೆಯಲ್ಲಿ ಯಾರಿಗಾದರೂ ಮೂವತ್ತು ನಲವತ್ತರಲ್ಲೇ ಕಿವಿ ಮಂದವಾಗುತ್ತಿದ್ದರೆ ಎಣ್ಣೆ ಬಿಡಬೇಡಿ. ಆಡಿಯೋ ಟೆಸ್ಟ್ ಮಾಡಿಸಿ.

ಮನೆಗೆ ಬಂದಮೇಲೆ ಕೆಲವು ದಿನ ತಲೆ ಸುತ್ತು. ಗೋಡೆ ಹಿಡಿದು ನಡೆದೆ. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಗು ಜೋರಾಗಿ ಸೀಟಬಾರದು, ಭಾರ ಎತ್ತಬಾರದು, ಕಿವಿಗೆ ನೀರು ಹೋಗಬಾರದು. ನಾಲಿಗೆಯ ಬಲಗಡೆ ತುಕ್ಕಿನ ರುಚಿ ಬೇರೆ. ರುಚಿಯ ಒಂದು ನರ ಕಿವಿಯೊಳಗಿಂದಲೇ ಹಾದುಹೋಗುತ್ತದಂತೆ, ಆಪರೇಷನ್ನಿನಲ್ಲಿ ಅದಕ್ಕೆ ತಾಕಿದರೆ ಹೀಗಾಗುತ್ತದೆ, ನಿಧಾನಕ್ಕೆ ಕಮ್ಮಿ ಆಗುತ್ತದೆ ಅಂದರು. ನನಗೂ ಈಗ ಬಹಳ ಕಮ್ಮಿ ಆಗಿದೆ. ಗಟ್ಟಿ ರೊಟ್ಟಿ ಅಗಿಯಲಿಕ್ಕೆ ಆಗುತ್ತಿರಲಿಲ್ಲ. ನಮ್ಮ ಅತ್ತೆ ಜೋಳದ ನುಚ್ಚು ಮಾಡಿ ಮಜ್ಜಿಗೆ ಕಲಸಿ ಕೊಟ್ಟರು. ತಲೆಗೆ ನೀರು ಹಾಕಲಿಕ್ಕೆ ಕೂತಾಗ ಕಿವಿಗೆ ಅಂಗೈ ಅಡ್ಡ ಹಿಡಿದು ತಾವೇ ಹಾಕಿದರು. ಅವರಿಗೆ ಮಂಡಿನೋವು, ಕೆಳಗೆ ಕೂರಲಿಕ್ಕೆ ಆಗುವುದಿಲ್ಲ.

ಕಿವಿಯ ಪ್ಯಾಕ್ ತೆಗೆದಮೇಲೆ ಸ್ಟೀಲ್ ಲೋಟ ಇಟ್ಟರೂ ಬೆಚ್ಚಿಬೀಳುತ್ತಿದ್ದೆ. ನಾನು ಎಣಿಸಿರದೇ ಇದ್ದದ್ದು ಇನ್ನೊಂದು. ನನ್ನ ದನಿಯೇ ಬದಲಾಗಿತ್ತು. ಈ ಕಾಯಿಲೆ ಇದ್ದವರಿಗೆ ತಮ್ಮ ಮಾತು ತಲೆಯೊಳಗೇ ಗುಂಯ್‌ಗುಡುತ್ತದೆ, ಅದಕ್ಕೆ ಮೆಲ್ಲಗೆ ಮಾತಾಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾತಾಡಿದ್ದೇನೆ. ಒಂದು ದಿನ ಅತ್ತೆ ಅಡುಗೆಮನೆಯಿಂದಲೇ ಅಂದರು, "ಈಗ ನಿನ್ನ ಮಾತು ನಮಗೂ ಕೇಳ್ತೈತೆ ನೋಡವ್ವ." ಇಷ್ಟು ವರ್ಷ ಅವರು ನನ್ನ ಮಾತಿಗೆ ಕಿವಿಗೊಟ್ಟು ಕೇಳುತ್ತಿದ್ದರು, ಒಂದು ದಿನವೂ ಗಟ್ಟಿಯಾಗಿ ಹೇಳು ಅಂದವರಲ್ಲ.

ಮಗಳು ನನ್ನ ಭುಜ ಮುಟ್ಟಿ, ನಾನು ತಿರುಗಿದಮೇಲೆ ಮಾತು ಶುರುಮಾಡುವುದನ್ನು ತಾನೇ ಕಲಿತಿದ್ದಳು. ಅವಳ ಶಾಲೆಯ ಟೀಚರು ಪೋಷಕರ ಸಭೆಯಲ್ಲಿ ನನ್ನ ಹತ್ತಿರವೇ ಬಂದು ಕೂತು ಹೇಳುತ್ತಿದ್ದರು. ಯೂನಿಟ್ ಮಾಲೀಕರು ನನ್ನ ಮಷೀನಿಗೆ ಬೇರೆಯವರನ್ನು ಕೂರಿಸಲಿಲ್ಲ. ಬಂಡಲ್ ಎತ್ತುವ ಹುಡುಗರು ನನ್ನ ಪಾಲಿನದನ್ನೂ ಎತ್ತುತ್ತೇವೆ ಅಂದಿದ್ದಾರೆ. ಸಂಘದ ಅಕ್ಕಂದಿರು ಕಂತು ತಡವಾದರೂ ಕೇಳಲಿಲ್ಲ. ಎಲ್ಲರಿಗೂ ಶರಣು.

ಮತ್ತೆ ನಮ್ಮ ಆಪಾ. ನನ್ನ ಪಕ್ಕದ ಓವರ್‌ಲಾಕ್ ಮಷೀನು ಅವರದು. ನಮ್ಮದು ಪೀಸ್ ರೇಟಿನ ಕೆಲಸ, ಮಷೀನು ನಿಂತರೆ ದುಡ್ಡು ನಿಂತಿತು. ನನಗೆ ಕೇಳದಾದಾಗಿನಿಂದ ಅವರು ಏನಾದರೂ ಹೇಳಬೇಕಾದರೆ ಪೆಡಲಿನಿಂದ ಕಾಲು ತೆಗೆಯುತ್ತಿದ್ದರು. ಮಷೀನು ನಿಲ್ಲುವವರೆಗೆ ಕಾದು, ನನ್ನ ಕಡೆ ತಿರುಗಿ, ಮಾಸ್ಕ್ ಇಳಿಸಿ ಹೇಳುತ್ತಿದ್ದರು. ಕೇಳಲಿಲ್ಲ ಅಂದರೆ ಮತ್ತೊಮ್ಮೆ. ಸಣ್ಣ ಮಾತಾದರೂ ಅಷ್ಟೇ. ಮಂಡಕ್ಕಿ ಒಗ್ಗರಣೆ ತರಿಸೋಣವಾ ಅನ್ನುವುದಕ್ಕೂ, ಯಾರದೋ ಮದುವೆ ಸುದ್ದಿಗೂ, ನಗುವ ಮಾತಿಗೂ. ಮೇಸ್ತ್ರಿ ಹೇಳಿದ್ದನ್ನು ಯಾರಾದರೂ ಹೇಳುತ್ತಾರೆ, ಅದು ಕೆಲಸದ ಮಾತು. ನಗುವ ಮಾತನ್ನು ಎರಡನೇ ಸಲ ಹೇಳುವವರು ಎಲ್ಲಿ ಸಿಗುತ್ತಾರೆ? "ಏನಿಲ್ಲ ಬಿಡು" ಅಂತ ಅವರ ಬಾಯಲ್ಲಿ ನಾನು ಕೇಳಿಲ್ಲ. ಎಷ್ಟು ಪೀಸು ಕಳೆದುಕೊಂಡರೋ ಅವರಿಗೇ ಗೊತ್ತು. ಆಪಾ, ಡಾಕ್ಟರು ಕಿವಿ ಕೊಟ್ಟರು. ಅಲ್ಲಿಯವರೆಗೆ ನಿಮ್ಮೆಲ್ಲರ ಮಾತಿನ ನಡುವೆ ನನ್ನನ್ನು ಇಟ್ಟುಕೊಂಡವರು ನೀವು.

ಹೊಸ ಗ್ರಾಫಿನಲ್ಲಿ ಕೆಂಪು ಗೆರೆ 25ಕ್ಕೆ ಬಂದಿದೆ. ನೀಲಿ ಗೆರೆ ಇನ್ನೂ ಕೆಳಗೇ ಇದೆ. ಎಡಗಿವಿಗೆ ಅವಸರ ಬೇಡ, ಬಲಗಿವಿ ಗಟ್ಟಿಯಾಗಲಿ, ಆಮೇಲೆ ನೋಡೋಣ ಅಂದಿದ್ದಾರೆ ಡಾಕ್ಟರು. ಜೋರು ಶಬ್ದದಿಂದ ಕಿವಿ ಕಾಪಾಡಿಕೊಳ್ಳಬೇಕಂತ, ಯೂನಿಟ್‌ನವರು ಸದ್ಯಕ್ಕೆ ಮಷೀನಿನಿಂದ ದೂರ, ದಾರ ಕತ್ತರಿಸುವ ಟೇಬಲ್ ಕಡೆ ಕೆಲಸ ಕೊಟ್ಟಿದ್ದಾರೆ. ಸೋಮವಾರದಿಂದ ಬರುತ್ತಿದ್ದೇನೆ. ಮಾತಾಡಿಸುವವರು ದಯವಿಟ್ಟು ನನ್ನ ಬಲಗಡೆ ಬಂದು ಕೂಡ್ರಿ. ಆಪಾಗೆ ಅಲ್ಲೇ ಒಂದು ಸ್ಟೂಲ್ ಹಾಕಿಸಲಿಕ್ಕೆ ಮೇಸ್ತ್ರಿಯವರಿಗೆ ಹೇಳಿದ್ದೇನೆ.