ಸೀಬೆ ಕೊಂಬೆಯಲ್ಲಿ 24 ರೂನ್‌ಗಳು

ಉಪ್ಸಾಲ, ಸ್ವೀಡನ್

ಚಿ. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಶಕುನ ನೋಡುವುದನ್ನು ಕಲಿಯಲು ನೀನು ಆನ್‌ಲೈನ್‌ನಲ್ಲಿ ತರಿಸಿಕೊಂಡ ರೂನ್ ಸೆಟ್‌ನಲ್ಲಿ 25 ಕಲ್ಲುಗಳಿವೆ, ಇರಬೇಕಾದದ್ದು 24. ಏನೂ ಬರೆಯದ ಆ ಖಾಲಿ ಕಲ್ಲನ್ನು ಎತ್ತಿಡು. ಅದು 1982ರಲ್ಲಿ ಅಮೆರಿಕದ ರಾಲ್ಫ್ ಬ್ಲಮ್ ಬರೆದ ಪುಸ್ತಕದಿಂದ ಬಳಕೆಗೆ ಬಂದದ್ದು. ರೂನ್ ಎಂದರೆ ಉತ್ತರ ಯುರೋಪಿನ ಹಳೆಯ ಲಿಪಿಯ ಅಕ್ಷರ; ಅಕ್ಷರವೇ ಇಲ್ಲದ್ದು ರೂನ್ ಹೇಗಾದೀತು? ನನ್ನ ಮಾತು ಕೇಳುವುದಾದರೆ ಉಳಿದ ಕಲ್ಲುಗಳನ್ನೂ ಬಿಡು. ನೀನೇ ಕೆತ್ತಿಕೋ. ಒಂದೊಂದನ್ನೂ ಹೆಸರು ಹೇಳುತ್ತ ಕೆತ್ತಿದರೆ, ಆಮೇಲೆ ಓದುವಾಗ ಪುಸ್ತಕ ಬಿಚ್ಚಬೇಕಾಗುವುದಿಲ್ಲ.

ಅಕ್ಕನಿಗೆ ಇದು ಮಾಟವೇನೋ ಎಂಬ ದಿಗಿಲಂತೆ. ನೀನು ಕಲಿಯಹೊರಟಿರುವುದು ಕವಡೆ ಹಾಕಿ ಪ್ರಶ್ನೆ ನೋಡುವಂಥದ್ದು, ಯಾರಿಗೂ ಏನೂ ಮಾಡಿಸುವುದಿಲ್ಲ ಎಂದು ಹೇಳು.

24 ಅಕ್ಷರಗಳೂ ಸಾಲಾಗಿ ಸಿಕ್ಕಿರುವ ಹಳೆಯ ಕಲ್ಲು ಇಲ್ಲಿನ ಗಾಟ್‌ಲ್ಯಾಂಡ್ ದ್ವೀಪದ್ದು, ಸುಮಾರು ಕ್ರಿ.ಶ. 400ರದು. ನಮ್ಮ ಹಲ್ಮಿಡಿ ಶಾಸನಕ್ಕಿಂತ ಚೂರು ಹಿಂದಿನದು. ಶಕುನ ನೋಡುವ ಕ್ರಮವನ್ನು ರೋಮಿನ ಟ್ಯಾಸಿಟಸ್ ಕ್ರಿ.ಶ. 98ರಲ್ಲೇ ಬರೆದಿಟ್ಟಿದ್ದಾನೆ: ಜರ್ಮನ್ ಜನ ಹಣ್ಣು ಬಿಡುವ ಮರದ ಕೊಂಬೆ ಕಡಿದು, ಚೂರುಗಳಿಗೆ ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲಿ, ಆಕಾಶ ನೋಡುತ್ತ ಮೂರನ್ನು ಎತ್ತುತ್ತಿದ್ದರು. ಆ ಗುರುತುಗಳು ರೂನ್‌ಗಳೇ ಎಂದು ಅವನು ಹೇಳಿಲ್ಲ. ಇಂದು ಒಂದೊಂದಕ್ಕೂ ಹೇಳುವ ಅರ್ಥಗಳು ಮಧ್ಯಯುಗದ ರೂನ್ ಪದ್ಯಗಳಿಂದ ಬಂದವು, ಅದಕ್ಕೆ ಇತ್ತೀಚಿನವರು ಸೇರಿಸಿದ್ದೂ ಬಹಳ. ಎರಡು ಸಾವಿರ ವರ್ಷದಿಂದ ಕಡಿಯದೆ ಬಂದ ವಿದ್ಯೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಹಿತ್ತಲ ಸೀಬೆ ಮರ ಸಾಕು, ಇಲ್ಲಿನ ಬರ್ಚ್ ಮರವೇ ಆಗಬೇಕೆಂದಿಲ್ಲ. ಮಣಿಕಟ್ಟಿನಷ್ಟು ದಪ್ಪದ, ನೆಟ್ಟಗಿರುವ ಅರ್ಧ ಮೀಟರ್ ಕೊಂಬೆ ತೆಗೆದುಕೋ. ಬಹಳ ಜನ ಕೊಂಬೆಯನ್ನು ಸೌತೆಕಾಯಿಯ ಹಾಗೆ ದುಂಡಗೆ ಬಿಲ್ಲೆ ಕುಯ್ಯುತ್ತಾರೆ. ಒಣಗುವಾಗ ಮರ ಸುತ್ತಳತೆಯಲ್ಲಿ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ಅಂಚಿಗೆ ಕಡಿಮೆ. ಹಾಗಾಗಿ ಬಿಲ್ಲೆ ನಡುವಿನಿಂದ ಅಂಚಿನವರೆಗೆ ಸೀಳಿಬಿಡುತ್ತದೆ. ಹಸಿಯಾಗಿದ್ದಾಗಲೇ ಕೊಂಬೆಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ ತಿರುಳು ತೆಗೆಸು. ತುದಿಗಳು ಬೇಗ ಒಣಗಿ ಬಿರುಕು ಬಿಡುತ್ತವೆ, ಅಲ್ಲಿಗೆ ಮೇಣದಬತ್ತಿಯ ಮೇಣ ಹಚ್ಚು. ಬಿಸಿಲು ತಾಕದ ಕಡೆ ಒಂದೂವರೆ ತಿಂಗಳಾದರೂ ಇಡು. ಆಮೇಲೆ ಬಡಗಿಯ ಹತ್ತಿರ 2.5 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಎರಡು ಪಟ್ಟಿ ಮಾಡಿಸಿ, 3 ಸೆಂ.ಮೀ.ಗೊಂದರಂತೆ 28 ಚೂರು ಕುಯ್ಯಿಸು. ನಾಲ್ಕು ಹೆಚ್ಚಿಗೆ ಇರಲಿ.

ಕೆತ್ತುವಾಗ ಚೂರನ್ನು ಅಡ್ಡ ಹಿಡಿ, ಮರದ ನಾರು ಎಡದಿಂದ ಬಲಕ್ಕೆ ಓಡಬೇಕು. ರೂನ್‌ನ ನಿಂತ ಗೆರೆ ಆ ನಾರನ್ನು ಕತ್ತರಿಸಿಕೊಂಡು ಬರಲಿ. ಈ ಲಿಪಿಯಲ್ಲಿ ಮಲಗಿದ ಗೆರೆಯೇ ಇಲ್ಲದಿರುವುದು ಗಮನಿಸಿದ್ದೀಯಾ? ನಾರಿನುದ್ದಕ್ಕೆ ಗೆರೆ ಎಳೆದರೆ ಮರ ಸಿಬಿರೇಳುತ್ತದೆ, ಗೆರೆಯೂ ನಾರಿನಲ್ಲಿ ಕಾಣದಾಗುತ್ತದೆ. ಅದಕ್ಕೇ ನಿಂತ ಗೆರೆ ಬಿಟ್ಟು ಉಳಿದವೆಲ್ಲ ಓರೆ. ಹರಿತ ಚೂರಿಯಿಂದ ಎರಡೂ ಕಡೆ ಓರೆಯಾಗಿ ಕೊಯ್ದು ಒಂದು ಮಿ.ಮೀ. ಆಳದ ಗೀರು ಮಾಡು.

ಹೆಚ್ಚು ತಪ್ಪಾಗುವುದು ವುನ್ಯೊ ಮತ್ತು ಥುರಿಸಜ್ ಎಂಬ ರೂನ್‌ಗಳಲ್ಲಿ. ಎರಡಕ್ಕೂ ಕಂಬದ ಪಕ್ಕ ಒಂದು ತ್ರಿಕೋನ. ತ್ರಿಕೋನ ಕಂಬದ ತುದಿಗೇ ಹತ್ತಿದ್ದರೆ ವುನ್ಯೊ, ಸಂತೋಷ. ನಡುವಿಗೆ ಇಳಿದರೆ ಥುರಿಸಜ್, ದೈತ್ಯ ಅಥವಾ ಮುಳ್ಳು. ಮೊದಲು ಪೆನ್ಸಿಲ್‌ನಲ್ಲಿ ಬರೆದುಕೋ. ಐಸ್‌ಲ್ಯಾಂಡಿನ ಹಳೆಯ ಕಥನದಲ್ಲಿ, ಓದಲು ಬಾರದವನು ತಪ್ಪಾಗಿ ಕೆತ್ತಿದ ರೂನ್‌ಗಳಿಂದ ಹುಡುಗಿಯೊಬ್ಬಳು ಕಾಯಿಲೆ ಬೀಳುತ್ತಾಳೆ; ಎಗಿಲ್ ಎಂಬವನು ಅವನ್ನು ಹೆರೆದು ಸುಟ್ಟು, ಹೊಸದಾಗಿ ಕೆತ್ತುತ್ತಾನೆ.

ಗೀರುಗಳಿಗೆ ಕೆಂಪು ತುಂಬುವುದು ವಾಡಿಕೆ. ಕೆಲವರು ಬೆರಳು ಚುಚ್ಚಿಕೊಂಡು ರಕ್ತ ಹಚ್ಚುತ್ತಾರೆ. ನೀನು ಹಾಗೆ ಮಾಡಬೇಡ, ಒಣಗಿದರೆ ಅದು ಕಂದಾಗಿ ಉದುರುತ್ತದೆ. ಹೊಸಿಲಿಗೆ ಹಚ್ಚುವ ಕೆಮ್ಮಣ್ಣನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತುಂಬು. ಕೊಬ್ಬರಿ ಎಣ್ಣೆ ಎಂದಿಗೂ ಒಣಗುವುದಿಲ್ಲ, ಬಿಳಿ ಬಟ್ಟೆಯೆಲ್ಲ ಕಲೆಯಾದೀತು.

ಚೂರುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಡು; ಪ್ರಶ್ನೆಯನ್ನು ಹಾಳೆಯಲ್ಲಿ ಬರೆದುಕೊಂಡೇ ಚೀಲಕ್ಕೆ ಕೈ ಹಾಕು. “ಕೆಲಸ ಸಿಗುತ್ತಾ?” ಎಂದರೆ ರೂನ್ ಹೌದು, ಇಲ್ಲ ಎನ್ನುವುದಿಲ್ಲ. “ಈ ಕೆಲಸದ ವಿಚಾರದಲ್ಲಿ ನಾನು ಏನನ್ನು ನೋಡುತ್ತಿಲ್ಲ?” ಎಂದು ಕೇಳು. ಮೂರು ತೆಗೆದು ಎಡದಿಂದ ಇಡು: ಆಗಿದ್ದು, ಈಗಿರುವುದು, ಮುಂದಿನ ದಾರಿ. ರೈದೊ, ಇಸ, ಯೆರ ಬಂದವು ಅನ್ನು. ಪಯಣ, ಮಂಜುಗಡ್ಡೆ, ಸುಗ್ಗಿ. ಹೊರಟಿದ್ದು ಹೆಪ್ಪುಗಟ್ಟಿ ನಿಂತಿದೆ, ಬೆಳೆ ತನ್ನ ಕಾಲಕ್ಕೇ ಬರುತ್ತದೆ, ಅವಸರ ಪಡಬೇಡ ಎಂದು ಓದುತ್ತೇವೆ. ಹಗಲಜ್ ಬಂದರೆ ಹೆದರಬೇಡ. ಅದು ಆಲಿಕಲ್ಲು, ಹಳೆಯ ಇಂಗ್ಲಿಷ್ ಪದ್ಯ ಅದನ್ನು ಅತಿ ಬಿಳಿಯ ಕಾಳು ಎಂದು ಕರೆದು, ಆಮೇಲೆ ನೀರಾಗುತ್ತದೆ ಎನ್ನುತ್ತದೆ.

ತಲೆಕೆಳಗಾಗಿ ಬಂದದ್ದಕ್ಕೆ ಬೇರೆ ಅರ್ಥ ಹೇಳುವವರಿದ್ದಾರೆ. 24ರಲ್ಲಿ 9 ತಲೆಕೆಳಗಾದರೂ ಒಂದೇ ಥರ ಕಾಣುತ್ತವೆ, ಹಾಗಾಗಿ ಮೊದಲ ವರ್ಷ ಆ ಗೊಡವೆ ಬೇಡ. ಹಿಡಿಸದ ಉತ್ತರ ಬಂತೆಂದು ಅದೇ ದಿನ ಮತ್ತೆ ತೆಗೆಯಲೂ ಬೇಡ. ಎರಡನೆಯ ಸಲ ಬಂದದ್ದನ್ನು ನಿನಗೆ ಬೇಕಾದ ಹಾಗೆ ಓದಿಕೊಳ್ಳುತ್ತೀಯ.

ಇನ್ನೊಂದು. ಓಥಲ ಮತ್ತು ಸೊವಿಲೊ ಎಂಬ ರೂನ್‌ಗಳನ್ನು ಪದಕ ಮಾಡಿಸಿ ಕೊರಳಿಗೆ ಹಾಕಿಕೊಳ್ಳಬೇಡ. ನಾಜಿಗಳು ಅವನ್ನು ತಮ್ಮ ಬಿಲ್ಲೆಗಳ ಮೇಲೆ ಹಾಕಿಕೊಂಡಿದ್ದರು, ಇಲ್ಲಿ ನೋಡಿದವರ ಮನಸ್ಸು ಇಂದಿಗೂ ಕಹಿಯಾಗುತ್ತದೆ. ಚೀಲದೊಳಗೆ ಅವು ಇರಲೇಬೇಕು.

ಯಾವುದಾದರೂ ಚೂರು ಒಡೆದರೆ ಬೇರೆ ಮರದ್ದು ಸೇರಿಸಬೇಡ, ತೂಕ, ನುಣುಪು ಬೇರೆಯಾಗಿ ಕೈಗೆ ಗೊತ್ತಾಗಿಬಿಡುತ್ತದೆ. ಎತ್ತಿಟ್ಟ ನಾಲ್ಕರಲ್ಲಿ ಒಂದನ್ನು ಕೆತ್ತಿಕೋ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಚಿಕ್ಕಮ್ಮ