ಬಸುರಿ ಹುಡುಗಿ ಸಹಿಗೂ ಬೆಲೆ ಇರ್ಲಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಬಾಗಲಕೋಟಿ, ವಿಜಯಪುರ ಕಡೆ ಹದಿನಾರು ಹದಿನೇಳಕ್ಕ ಬಸುರಾದ ಹುಡುಗಿ ದವಾಖಾನಿಗೆ ಬಂದ್ರ ಆಕಿನ್ನ ಯಾರೂ ಕೇಳಂಗಿಲ್ಲ, ಅಪ್ಪನ್ನ ಇಲ್ಲಾ ಅತ್ತೀನ್ನ ಕೇಳ್ತಾರ. 1971ರ ಗರ್ಭಪಾತ ಕಾಯ್ದೆ ಪ್ರಕಾರ 18 ತುಂಬದಾಕಿಗೆ ಪಾಲಕರ ಲಿಖಿತ ಒಪ್ಪಿಗಿ ಬೇಕ, ಆದ್ರ ಆಕಿ ಲಗ್ನ ಮಾಡಿ ಕಳಿಸಿದಾವ್ರೇ ಆ ಪಾಲಕರು ಇದ್ರ ಏನ್ ಮಾಡ್ಬೇಕ್ರಿ? ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕದ 2016ರ ತಿದ್ದುಪಡಿ ಬಂದಮ್ಯಾಲೆ ಅಂಥ ಲಗ್ನ ಮೊದಲಿಂದ್ಲೇ ಅಸಿಂಧು, ಕೊರಳಾಗ ತಾಳಿ ಬಿತ್ತು ಅಂತ ಆಕಿ ಮೇಜರ್ ಆಗಂಗಿಲ್ಲ. ಅಮೆರಿಕಾದ ಕೆಲವು ರಾಜ್ಯದಾಗ ಕೋರ್ಟು ಮೈನರ್‌ನ್ನ ಪಾಲಕರ ಹಿಡಿತದಿಂದ ಬಿಡಿಸಿ ಸ್ವತಂತ್ರ ಅಂತ ಘೋಷಿಸ್ತೈತಿ. ನಮ್ಮಲ್ಲಿ ಅಷ್ಟು ಬ್ಯಾಡ, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೊಕ್ಸೊ ಕಾಯ್ದೆ ಕೊಡೋ ರಕ್ಷಣಾ ಸಡಿಲ ಆದೀತು ಅನ್ನೋ ಹೆದರಿಕಿ ನನಗೈತಿ, ಆದ್ರ ಚಿಕಿತ್ಸಾ, ಹೆರಿಗಿ, ಸಾಲಿ ಇಷ್ಟಕ್ಕಾದ್ರೂ ಆಕಿ ಸಹಿ ನಡೀಬೇಕು, ಮನ್ಯಾವ್ರು ಅಡ್ಡ ಬಂದ್ರ ಮಕ್ಕಳ ಕಲ್ಯಾಣ ಸಮಿತಿ ತಡಾ ಮಾಡ್ದ ಆಕಿ ಬೆನ್ನಿಗೆ ನಿಲ್ಲೋವಂಗ ಸರ್ಕಾರ ನಿಯಮ ತರ್ಬೇಕ್ರಿ.

– ಒಬ್ಬ ಓದುಗ, ಬಾಗಲಕೋಟೆ